ಬದನೆಕಾಯಿಗೆ ಹೋದ ನಾಲ್ಕು ಇಂಜೆಕ್ಷನ್

ಇಂಜೆಕ್ಷನ್ ಮಾಡುವುದನ್ನು ನಾನು ಕಲಿತದ್ದು ಕಿತ್ತಳೆ ಹಣ್ಣಿನ ಮೇಲೆ, ಕಲಿಸಿದ್ದು ಬದನೆಕಾಯಿಯ ಮೇಲೆ. ನಡುವೆ ಮೂವತ್ತಾರು ವರ್ಷ ರಾಣೇಬೆನ್ನೂರು, ಹಾವೇರಿಯ ಸರಕಾರಿ ವಾರ್ಡುಗಳಲ್ಲಿ ಕಳೆದುಹೋದವು. ಸ್ಟಾಫ್ ನರ್ಸ್ ಆಗಿ ಸೇರಿದವಳು ಆಮೇಲೆ ಏನೇನಾದೆ ಎಂಬುದು ಪೆನ್ಷನ್ ಪೇಪರಿನಲ್ಲಿದೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಬರೆಯಲು ಕಾರಣ ನಮ್ಮ ಓಣಿಯ ಹುಡುಗಿಯರು. ನರ್ಸಿಂಗ್ ಮುಗಿಸಿ ಬಂದವರು ನನ್ನ ಮನೆಯ ಕಟ್ಟೆಗೆ ಬಂದು ಕೂತು, "ಆಂಟಿ, ಹೋಮ್ ವಿಸಿಟ್ ಭಾಳ ಈಜಿ ಅಂತ ಹೌದಲ್ರಿ? ನೈಟ್ ಡ್ಯೂಟಿ ಇಲ್ಲ, ಮ್ಯಾಲ ಬೈಯವ್ರಿಲ್ಲ" ಎನ್ನುತ್ತಾರೆ. ಮೈ ಡಿಯರ್ ಗರ್ಲ್ಸ್, ವಾರ್ಡಿನಲ್ಲಿ ಪೇಷಂಟ್ ನಮ್ಮ ಮನೆಯಲ್ಲಿರುತ್ತಾನೆ. ಹೋಮ್ ವಿಸಿಟ್‌ನಲ್ಲಿ ನಾವು ಅವನ ಮನೆಯಲ್ಲಿರುತ್ತೇವೆ. ಇದಿಷ್ಟನ್ನು ತಿಳಿಯಲು ನನಗೆ ಒಬ್ಬ ಮೆಣಸಿನಕಾಯಿ ವ್ಯಾಪಾರಿ, ಒಂದು ಕೋಲ್ಡ್ ಸ್ಟೋರೇಜ್ ಮತ್ತು ನಾಲ್ಕು ಬದನೆಕಾಯಿ ಬೇಕಾದವು.

ನನ್ನ ತಂದೆ ರೈಲ್ವೆಯಲ್ಲಿದ್ದರು. ಹಾಗಾಗಿ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುವ ಯೋಗ ಬಂತು. ಅಲ್ಲಿ ಸೂಜಿ ಎಂದರೆ ಎಂಬ್ರಾಯಿಡರಿ. ನರ್ಸಿಂಗಿಗೆ ಬಂದ ಮೇಲೆ ಸೂಜಿ ಎಂದರೆ ಕಲ್ಲಿನ ಮೇಲೆ ಮಸೆದು, ಸ್ಟೆರಿಲೈಸರಿನಲ್ಲಿ ಕುದಿಸಿ, ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆಯೇ ಎಂದು ತುದಿಯನ್ನು ಪರೀಕ್ಷಿಸಿ ಬಳಸುವ ಆಯುಧ. ಗಾಜಿನ ಸಿರಿಂಜು. ಒಡೆದರೆ ಸಂಬಳದಲ್ಲಿ ಕಟ್. ಹಾವೇರಿಯಲ್ಲಿ ನಮ್ಮ ಮೇಟ್ರನ್ ಒಬ್ಬರಿದ್ದರು, ಎತ್ತರದ ಹೆಂಗಸು, ನಾವೆಲ್ಲ ಮೇಟ್ರನ್ ಬಾಯಿ ಎನ್ನುತ್ತಿದ್ದೆವು. ಪ್ರತಿ ಸಿರಿಂಜನ್ನೂ ಕಿಟಕಿಯ ಬೆಳಕಿಗೆ ಹಿಡಿಸುತ್ತಿದ್ದರು. ಒಳಗೆ ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ನಮ್ಮ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಏರ್ ಈಸ್ ಮರ್ಡರ್, ಸಿಸ್ಟರ್" ಎನ್ನುವರು. ಕೂಗಿದ್ದರೆ ಮರೆಯುತ್ತಿದ್ದೆವೇನೋ. ಮೂವತ್ತಾರು ವರ್ಷ ನಾನು ಬೆರಳಿನಿಂದ ಟಕ್ಕೆಂದು ಹೊಡೆದು ಗಾಳಿ ಹೊರಹಾಕುತ್ತಲೇ ಇದ್ದೆ.

ರಿಟೈರ್ ಆದ ಮೇಲೆ ಹೊಸದೊಂದು ಬಗೆಯ ಪೇಷಂಟುಗಳು ನಮ್ಮ ಊರುಗಳಲ್ಲಿ ಕಾಣಿಸಿಕೊಂಡರು. ತೂಕ ಇಳಿಸಲು ಹುಬ್ಬಳ್ಳಿಗೆ ಹೋಗಿ, ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡಿಸಿಕೊಂಡು, ನಾಲ್ಕನೆಯ ದಿನಕ್ಕೆ ಐದು ತೂತು ಮತ್ತು ಒಂದು ಕೈಚೀಲದೊಂದಿಗೆ ಮರಳುವವರು. ಕೈಚೀಲದಲ್ಲಿ ರಕ್ತ ಗಡ್ಡೆಗಟ್ಟದಂತೆ ತೆಳ್ಳಗೆ ಮಾಡುವ ಇಂಜೆಕ್ಷನ್‌ಗಳು. ಮೈಭಾರ ಇರುವವರು ಆಪರೇಷನ್ ಆಗಿ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಎದೆಗೆ ಏರಿದರೆ ಮಾತೇ ಇಲ್ಲ. ಅದಕ್ಕೆ ಮೂರು ನಾಲ್ಕು ವಾರ ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕು. ಹುಬ್ಬಳ್ಳಿಯ ಒಬ್ಬ ತರುಣ ಸರ್ಜನ್ ನನಗೆ ಫೋನ್ ಮಾಡಿ, "ಹಾವೇರಿ ಸೈಡಿನ ಪೇಷಂಟ್ಸ್ ನೀವು ನೋಡ್ತೀರಾ ಮೇಡಂ?" ಎಂದ. ಮನೆಯಲ್ಲಿ ಕೂತು ಕ್ರೋಶಾ ಹಾಕಿ ಬೇಸರವಾಗಿತ್ತು. ಯೆಸ್ ಎಂದೆ.

ಮೊದಲ ಇಂಜೆಕ್ಷನ್ನಿಗೇ ನನ್ನ ಮಾನ ಹೋಯಿತು. ಸರ್ಜನ್ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ. ಔಷಧ ತುಂಬಿಯೇ ಬಂದ ಪುಟ್ಟ ಸಿರಿಂಜು, ಒಳಗೆ ದೊಡ್ಡದೊಂದು ಗಾಳಿಗುಳ್ಳೆ. ಅಭ್ಯಾಸದಂತೆ ಬೆಳಕಿಗೆ ಹಿಡಿದೆ, ಟಕ್ಕೆಂದು ಹೊಡೆದೆ, ಗಾಳಿ ಹೊರಹಾಕಿದೆ, ಜೊತೆಗೆ ಎರಡು ಹನಿ ಔಷಧವೂ ಹೋಯಿತು. "ಮೇಡಂ! ಆ ಗುಳ್ಳೆ ಇರಲಿ ಅಂತಾನೇ ಇಟ್ಟಿರ್ತಾರೆ! ಔಷಧ ಪೂರ್ತಿ ಒಳಗೆ ಹೋಗೋದಕ್ಕೆ!" ಎಂದು ಅವನು ಫೋನಿನೊಳಗಿನಿಂದ ಕೂಗಿದ. ಮೇಟ್ರನ್ ಬಾಯಿ ಆಗ ಬದುಕಿರಲಿಲ್ಲ. ಬದುಕಿದ್ದರೆ ಅವರಿಗೆ ಹೇಗೆ ಹೇಳುತ್ತಿದ್ದೆನೋ ತಿಳಿಯದು. ಆ ರಾತ್ರಿ ಸ್ವಲ್ಪ ಅತ್ತೆ. ಗುಳ್ಳೆಯ ಸಲುವಾಗಿ ಅತ್ತ ನರ್ಸ್ ನಾನೊಬ್ಬಳೇ ಇರಬೇಕು.

ಇನ್ನೊಂದು ಮಾತು. ಈ ಇಂಜೆಕ್ಷನ್ ಕೊಟ್ಟ ಜಾಗವನ್ನು ತಿಕ್ಕಬಾರದು. ನಮ್ಮ ಕಡೆ ಸೂಜಿ ತೆಗೆದ ಕೂಡಲೇ ಮನೆಯವರೆಲ್ಲ ಸೇರಿ ತಿಕ್ಕುತ್ತಾರೆ, ಅದು ಪ್ರೀತಿ. ರಾಣೇಬೆನ್ನೂರಿನ ಒಬ್ಬ ಟೀಚರಿಗೆ ನಾನು ಹೋದ ಮೇಲೆ ಅವರ ಅತ್ತೆ ಬಿಸಿ ಎಣ್ಣೆ ಹಚ್ಚಿ ದಿನಾ ತಿಕ್ಕುತ್ತಿದ್ದರು. ಹೊಟ್ಟೆಯ ಮೇಲೆ ರೊಟ್ಟಿಯಗಲ ನೀಲಿ, ಹಸಿರು, ಹಳದಿ ಕಲೆಗಳಾದವು. ಟೀಚರ ಅಣ್ಣಂದಿರು ಅದನ್ನು ಕೇಳಿ, ಗಂಡ ಹೊಡೆದದ್ದಕ್ಕೆ ಆದ ಗಾಯವೆಂದು ತಿಳಿದು ನ್ಯಾಯ ಕೇಳಲು ಟೆಂಪೋ ಮಾಡಿಕೊಂಡು ಬಂದರು. ಗಂಡ ಎಂಬುವವನು ಹೆಂಡತಿಯ ಅರ್ಧದಷ್ಟೂ ಇಲ್ಲ. ನಾನು ಹೋದಾಗ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಅಣ್ಣಂದಿರಿಗೆ ಸಿರಿಂಜು ತೋರಿಸಿ ಎಲ್ಲ ವಿವರಿಸಿದೆ. ಹಿರಿಯಣ್ಣ ತಂಗಿಯ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಹೌದ್ ಬಿಡ್ರಿ, ಇಂವನ ಕಡಿಂದ ಇಷ್ಟ ಆಗೂದಲ್ಲ" ಎಂದ. ಆರೋಪ ಬಿದ್ದುಹೋಯಿತು. ಆದರೆ ಆ ಮನುಷ್ಯನ ಮುಖ ನೋಡಿದರೆ ಆರೋಪವೇ ವಾಸಿ ಇತ್ತು ಅನ್ನಿಸುತ್ತಿತ್ತು.

ಇನ್ನು ಬ್ಯಾಡಗಿ.

ಶಿವಪುತ್ರಪ್ಪ ಸಾವಕಾರರು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. ಒಂದು ಕಾಲಕ್ಕೆ ಕಾಯಿ ಮುರಿದು ಮೂಸಿದರೆ ಯಾವ ಊರಿನ ಹೊಲದ್ದೆಂದು ಹೇಳುತ್ತಿದ್ದರಂತೆ. ಆದರೆ ಮೈ ಬೆಳೆಯುತ್ತ ಹೋಗಿ, ಮಾರ್ಕೆಟ್ ಯಾರ್ಡಿನಲ್ಲಿ ರಾಶಿಗಳ ನಡುವಿನ ಹಾದಿಯಲ್ಲಿ ಅವರು ಹಿಡಿಸದಾದರು. ಆರು ವರ್ಷದಿಂದ ಅಂಗಡಿಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತು, ಹಮಾಲರು ತಂದುಕೊಟ್ಟ ಹಿಡಿ ಕಾಯಿ ನೋಡಿ ವ್ಯಾಪಾರ ಮಾಡುತ್ತಿದ್ದರು. ಮೊದಲ ದಿನ ನಾನು ಫಾರ್ಮಿನಲ್ಲಿ "ರೀಸನ್ ಫಾರ್ ಸರ್ಜರಿ" ಎಂದು ಓದಿ, "ಯಾಕೆ ಮಾಡಿಸಿಕೊಂಡಿರಿ? ಶುಗರ್ರಾ? ಮೊಣಕಾಲಾ?" ಎಂದು ಕೇಳಿದೆ.

"ಶುಗರ್ ಇದ್ದದ್ದ ಐತಿ ಬಿಡ್ರಿ ಸಿಸ್ಟರ್," ಎಂದರು. "ರಾಶಿ ಮುಂದ ಕುಕ್ಕರಗಾಲಲೆ ಕುಂತು ಕಾಯಿ ಮುರದು ನೋಡಬೇಕು ನಾ. ಒಮ್ಮಿ. ತಂದು ಕೊಟ್ಟ ಕಾಯಿ ನೋಡೂದು ಅಂದ್ರ, ಕನ್ಯಾದ ಫೋಟೋ ನೋಡಿ ಲಗ್ನ ಆದಂಗ."

ಫಾರ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಶುಗರ್ ಎಂದು ಬರೆದೆ.

ಅವರಿಗೆ ಹಿಂದೆ ಒಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆದ್ದರಿಂದ ಸರ್ಜನ್ ನನಗೆ ಬೇರೆಯಾಗಿ ಹೇಳಿದ್ದ: ದಿನಕ್ಕೆ ಎರಡು ಇಂಜೆಕ್ಷನ್, ಇಪ್ಪತ್ತೆಂಟು ದಿನ, ಒಂದೂ ತಪ್ಪುವಂತಿಲ್ಲ. ಮತ್ತೊಂದು ಷರತ್ತು ಸಾವಕಾರರದು: ಪೇಟೆಯಲ್ಲಿ ಯಾರಿಗೂ ಗೊತ್ತಾಗಬಾರದು. ನಕ್ಕಾರು ಎಂಬ ಭಯ. ಉತ್ತರದ ಕಡೆ ತೀರ್ಥಯಾತ್ರೆಗೆ ಹೋಗಿದ್ದಾರೆಂದು ಮಾರ್ಕೆಟ್ಟಿಗೆಲ್ಲ ಸುದ್ದಿ ಹಬ್ಬಿಸಿದ್ದರು. ಗುಟ್ಟು ಗೊತ್ತಿದ್ದದ್ದು ಅವರ ಹೆಂಡತಿ ಗಿರಿಜಕ್ಕನಿಗೆ, ನನಗೆ, ಅಂಗಡಿಯ ಹಳೆಯ ತೂಕಗಾರ ಮಾಬೂಸಾಬನಿಗೆ.

ಮಾಬೂಸಾಬನನ್ನು ಗುಟ್ಟಿನೊಳಗೆ ಸೇರಿಸಿದ್ದು ತೂಕದ ಯಂತ್ರದ ಕಾರಣಕ್ಕೆ. ವಾರಕ್ಕೊಮ್ಮೆ ಪೇಷಂಟ್ ತೂಕ ನೋಡಿ ಚಾರ್ಟ್ ಕಳಿಸಬೇಕು. ನನ್ನ ಬಾತ್‌ರೂಮ್ ಸ್ಕೇಲಿನ ಮೇಲೆ ಸಾವಕಾರರು ನಿಂತಾಗ ಅದು ಒಂದು ನಿಟ್ಟುಸಿರು ಬಿಟ್ಟು ಶಾಶ್ವತವಾಗಿ ಸುಮ್ಮನಾಯಿತು. ಮನೆಯ ಹಿಂದೆಯೇ ಅವರ ಗೋದಾಮು, ಅಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಮಾಬೂಸಾಬ ಧಣಿಯನ್ನು ಅದರ ಮೇಲೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ಮೆಣಸಿನಕಾಯಿ ಲಾಟಿನ ತೂಕ ಕೂಗಿದಂತೆ ಕೂಗಿದ. ನಾನು ಬರೆದು ಹುಬ್ಬಳ್ಳಿಗೆ ಕಳಿಸಿದೆ.

ಅರ್ಧ ಗಂಟೆಗೆ ಸರ್ಜನ್ನಿನ ಫೋನು. "ಮೇಡಂ, ಒಂದೇ ವಾರಕ್ಕೆ ಹದಿನಾಲ್ಕು ಕೇಜಿ ಇಳಿದಿದ್ದಾರೆ! ಸಮ್‌ಥಿಂಗ್ ಈಸ್ ವೆರಿ ರಾಂಗ್. ವಾಂತಿ ಇದೆಯಾ? ಜ್ವರ? ಲೀಕ್ ಆಗಿದೆಯಾ?" ನಾನು ಎದ್ದೆನೋ ಬಿದ್ದೆನೋ ಎಂದು ಹಾವೇರಿಯಿಂದ ಮೋಟೆಬೆನ್ನೂರು ಕ್ರಾಸಿಗೆ, ಅಲ್ಲಿಂದ ಟಂಟಂ ಹಿಡಿದು ಬ್ಯಾಡಗಿಗೆ. ಸಾವಕಾರರು ಆರಾಮಾಗಿ ಕೂತು ಚಮಚೆಯಲ್ಲಿ ಬಾರ್ಲಿ ನೀರು ಕುಡಿಯುತ್ತಿದ್ದಾರೆ. ಜ್ವರ ಇಲ್ಲ, ನಾಡಿ ಸರಿ. ಸಂಶಯ ಬಂದು ಮಾಬೂಸಾಬನನ್ನು ಕರೆಸಿದೆ.

"ಸಾಬರೇ, ಕಾಟಾ ಎಷ್ಟು ತೋರಿಸಿತೋ ಅಷ್ಟೇ ಹೇಳಿದಿರಾ?"

"ಅದ್ಹೆಂಗ ಹೇಳ್ಲಿಕ್ಕೆ ಬರ್ತದ್ರಿ ಬಾಯಾರ? ಚೀಲದ ತೂಕ ಕಳೀಬೇಕಲ್ರಿ?"

"ಚೀಲ ಎಲ್ಲಿತ್ತು?"

"ಧೋತ್ರ, ಅಂಗಿ, ಶಲ್ಯೆ ಇತ್ತಲ್ರಿ. ಗೋಣಿ ಚೀಲದ ಲೆಕ್ಕ ಹಿಡದೆ. ಮ್ಯಾಲ ಹಸಿ ಕಳದೆ."

"ಹಸಿ ಅಂದರೆ?"

"ಕಾಯ್ಯಾಗ ನೀರಿನಂಶ ಇದ್ರ ಕಳೀತೀವಲ್ರಿ? ಧಣ್ಯಾರು ಎಂಟು ದಿನದಿಂದ ಬರೇ ನೀರ ಕುಡ್ಯಾಕತ್ತಾರ. ಹಸಿ ಭಾಳ ಐತ್ರಿ ಅವ್ರೊಳಗ."

ಒಳಗಿನಿಂದ ಸಾವಕಾರರು, "ಲೇ ಮಾಬ್ಯಾ, ನನ್ನನ್ನ ಎರಡ್ನೇ ನಂಬರ್ ಮಾಲ್ ಮಾಡಿದೇನೋ!" ಎಂದು ಕೂಗಿ, ನಗು ಬಂದು, ಹೊಲಿಗೆ ನೊಂದು, ಹೊಟ್ಟೆಗೆ ತಲೆದಿಂಬು ಒತ್ತಿಕೊಂಡರು. ನಗುವಾಗ, ಕೆಮ್ಮುವಾಗ, ಸೀನುವಾಗ ದಿಂಬು ಒತ್ತಿ ಹಿಡಿಯಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಈ ದಿಂಬನ್ನು ನೆನಪಿಟ್ಟುಕೊಳ್ಳಿ.

ಇಷ್ಟಾದ ಮೇಲೆ ನಾನು ಮಾಡಿದ್ದು ನನ್ನ ಸರ್ವಿಸಿನ ಅತಿ ದೊಡ್ಡ ತಪ್ಪು. ಗುತ್ತಲದಲ್ಲಿ ನನ್ನ ತಂಗಿಯ ಮಗಳ ಮದುವೆ. ಎರಡು ದಿನ ಹೋಗಲೇಬೇಕು. ಗಿರಿಜಕ್ಕನಿಗೆ ಇಂಜೆಕ್ಷನ್ ಕಲಿಸಿದರಾಯಿತು ಎಂದುಕೊಂಡೆ. ಕಿತ್ತಳೆ ಸಿಗಲಿಲ್ಲ. ಹಿತ್ತಲಿನಲ್ಲಿ ಬದನೆಕಾಯಿ ಇದ್ದವು. ಚರ್ಮ ಮಡಿಸಿ ಹಿಡಿಯುವುದು, ನೇರ ಚುಚ್ಚುವುದು, ನಿಧಾನ ಒತ್ತುವುದು, ತಿಕ್ಕದಿರುವುದು, ಎಲ್ಲ ತೋರಿಸಿದೆ. ಹೊಕ್ಕುಳದಿಂದ ಎರಡು ಬೆರಳು ದೂರ, ಒಮ್ಮೆ ಎಡ, ಒಮ್ಮೆ ಬಲ. ನೀರಿನ ಸಿರಿಂಜಿನಿಂದ ಐದಾರು ಸಲ ಚುಚ್ಚಿಸಿದೆ. ಗಿರಿಜಕ್ಕನ ಕೈ ನಡುಗುತ್ತಿತ್ತು. "ಕೈ ಸ್ಟೆಡಿ ಆಗುವ ತನಕ ಬದನೆಕಾಯಿಗೇ ಮಾಡಿ," ಎಂದು ಹೇಳಿ, ನಾಲ್ಕು ಇಂಜೆಕ್ಷನ್ ಅವರ ಕೈಗಿಟ್ಟು, ನೀರಿನ ಸಿರಿಂಜುಗಳನ್ನು ನನ್ನ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಪ್ಲೀಸ್ ನೋಟ್, ಹುಡುಗಿಯರೇ, ಈ ವಾಕ್ಯದಲ್ಲಿ ಎರಡು ತಪ್ಪುಗಳಿವೆ.

ಮೂರನೆಯ ದಿನ ಮುಂಜಾನೆ ಬಂದೆ. ಬಿಸ್ಕಿಟ್ ಡಬ್ಬಿಯಲ್ಲಿ ನಾಲ್ಕು ಖಾಲಿ ಸಿರಿಂಜು ಒಪ್ಪವಾಗಿ ಇದ್ದವು. ಗಿರಿಜಕ್ಕ ನೆಲ ನೋಡುತ್ತಿದ್ದರು. ಸಾವಕಾರರು ಸೂರು ನೋಡುತ್ತಿದ್ದರು. ಅಂಗಿ ಎತ್ತಿ ನೋಡಿದೆ. ನಾನು ಎಲ್ಲಿ ಚುಚ್ಚಿದೆ ಎಂದು ಪ್ರತಿ ಸಲ ಚಾರ್ಟಿನಲ್ಲಿ ಗುರುತು ಹಾಕುತ್ತೇನೆ. ಹೊಟ್ಟೆಯ ಮೇಲೆ ನನ್ನ ಗುರುತುಗಳಷ್ಟೇ ಇದ್ದವು. ಹೊಸದು ಒಂದೂ ಇಲ್ಲ. ಮನುಷ್ಯ ಸುಳ್ಳು ಹೇಳುತ್ತಾನೆ, ಹೊಟ್ಟೆ ಹೇಳುವುದಿಲ್ಲ.

"ಗಿರಿಜಕ್ಕ, ನಾಲ್ಕು ಇಂಜೆಕ್ಷನ್ ಎಲ್ಲಿಗೆ ಹೋದವು?"

"ಬದನಿಕಾಯಿಗೆ ಹೋದೂರಿ," ಎಂದರು ಸಣ್ಣ ದನಿಯಲ್ಲಿ. "ಕೈ ನಿಲ್ಲೂ ಮಟಾ ಬದನಿಕಾಯಿಗೇ ಮಾಡಂತ ನೀವ ಹೇಳಿದ್ರಿ. ಕೈ ನಿಲ್ಲಲಿಲ್ರಿ."

"ನಾಲ್ಕೂ?"

"ಮೂರ್ನೇದಕ್ಕ ಸ್ವಲ್ಪ ನಿಂತಿತ್ರಿ. ಇವ್ರ, 'ಇಲ್ಲ, ಇನ್ನಾ ನಡಗಾಕತ್ತೈತಿ ನೋಡು' ಅಂದ್ರು."

ಸಾವಕಾರರು ಸೂರಿನಿಂದ ಕಣ್ಣು ತೆಗೆಯಲಿಲ್ಲ. ಚೀಲಗಳ ನಡುವೆ ಬೆಳೆದ ಗಂಡಸು, ಹೆಂಡತಿಯ ಸೂಜಿಗೆ ಹೆದರಿ ಬದನೆಕಾಯಿಯನ್ನು ಮುಂದೆ ಮಾಡಿದ್ದರು.

"ಗುಡ್ ಹೆವೆನ್ಸ್! ಆ ಬದನೆಕಾಯಿ ಪಲ್ಯ ಮಾಡಿದಿರೇನು?"

"ಅಯ್ಯ, ಇಲ್ರೀ. ಆಕಳಿಗೆ ಹಾಕೇನಿ."

ಆಕಳು ಹಿತ್ತಲಿನಲ್ಲಿ ಮೆಲುಕು ಹಾಕುತ್ತಿತ್ತು. ಎಷ್ಟೋ ತಿಂಗಳ ತನಕ ನಾನು ಆ ಮನೆಗೆ ಹೋದಾಗ ಮೊದಲು ಅದರ ಕಾಲು ನೋಡುತ್ತಿದ್ದೆ.

ನಗು ಅಲ್ಲಿಗೆ ನಿಂತಿತು. ಸಾವಕಾರರು ಎದ್ದು ನಿಲ್ಲುವಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡು "ಹಾ" ಎಂದರು. "ನಿನ್ನಿಯಿಂದ ಬಿಗದೈತ್ರಿ." ಮುಟ್ಟಿದೆ. ಗಟ್ಟಿಯಾಗಿತ್ತು, ಒತ್ತಿದರೆ ನೋವು. ಹಿಂದೆ ಹೆಪ್ಪುಗಟ್ಟಿದ ಕಾಲು ಅದೇ. ಸರ್ಜನ್ನಿಗೆ ಫೋನ್ ಮಾಡಿದೆ. ಅವನು ಒಮ್ಮೆಯೂ ಕೂಗಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು. "ಡೋಸ್ ಈಗಲೇ ಕೊಡಿ ಮೇಡಂ. ಕೊಟ್ಟು ಕಾರಿನಲ್ಲಿ ಕಳಿಸಿ, ಸ್ಕ್ಯಾನ್ ಮಾಡ್ತೀನಿ. ಕೊಡದೆ ಮಾತ್ರ ಕಳಿಸಬೇಡಿ."

"ಉಳಿದ ಇಂಜೆಕ್ಷನ್ ಕೊಡಿ," ಎಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಇಂಜೆಕ್ಷನ್ ಡಬ್ಬಿಯ ಮೇಲೆ "ತಂಪಾದ ಜಾಗದಲ್ಲಿಡಿ" ಎಂದಿತ್ತು. ಬೇಸಿಗೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಬ್ಯಾಡಗಿಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು? ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್. ಆದರೆ ಅಲ್ಲಿ ಮೆಣಸಿನಕಾಯಿ ಚೀಲ ಬಿಟ್ಟು ಬೇರೇನೂ ಇಟ್ಟುಕೊಳ್ಳುವುದಿಲ್ಲ, ಮೇಲಾಗಿ ಗುಟ್ಟು ಬೇರೆ. ಆದ್ದರಿಂದ ಸಾವಕಾರರು ಮನೆಖರ್ಚಿನ ಒಂದು ಚೀಲ ಕಾಯಿಯ ನಡುವೆ ಡಬ್ಬಿಯನ್ನು ಹುಗಿದು, ಬಾಯಿ ಹೊಲಿದು, ಹೆಸರು ಬರೆಯದೆ, ಅಂಗಡಿಯ ಚೀಲಗಳ ಜೊತೆ ಕಳಿಸಿದ್ದರು. ಎರಡು ದಿನಕ್ಕೊಮ್ಮೆ ಮಾಬೂಸಾಬ ಹೋಗಿ, ಹೊಲಿಗೆ ಬಿಚ್ಚಿ, ನಾಲ್ಕು ತೆಗೆದು, ಮತ್ತೆ ಹೊಲಿದು ಬರುತ್ತಿದ್ದ. ನನಗೆ ಯಾರೂ ಹೇಳಿರಲಿಲ್ಲ. ನಾನು ಫ್ರಿಜ್ಜಿನಿಂದ ಬರುತ್ತಿವೆ ಎಂದೇ ತಿಳಿದಿದ್ದೆ.

ಮಾಬೂಸಾಬ ಸೈಕಲ್ ಮೇಲೆ ಓಡಿದ. ಅರ್ಧ ಗಂಟೆ ಬಿಟ್ಟು ಬರಿಗೈಲಿ ಬಂದ. ಮುಖ ಬೂದಿ.

"ಧಣ್ಯಾರ, ನಮ್ಮ ಲಾಟ್ ಪೂರಾ ಹಮಾಲರು ಹೊರಗ ತಗದಾರ. ಇವತ್ತ ಟೆಂಡರ್ ಐತಿ. ಎಲ್ಲಾ ಯಾರ್ಡಿನ್ಯಾಗ ಸುರುವಿಬಿಟ್ಟಾರ್ರಿ."

"ಆ ಚೀಲ?"

"ಹೆಸರಿಲ್ದ ಚೀಲ, ಬಾಜೂ ರೈತಂದ ಇರಬೇಕಂತ ಯಾವ್ದೋ ರಾಶಿಗೆ ಹಾಕ್ಯಾರ. ಯಾವುದಂತ ಅವರಿಗೇ ನೆನಪಿಲ್ಲ."

ನಾನು ಅಷ್ಟರಲ್ಲಿ ಬ್ಯಾಡಗಿಯ ಮೆಡಿಕಲ್ ಶಾಪುಗಳಿಗೆಲ್ಲ ಹೋಗಿ ಬಂದಿದ್ದೆ. ಹಾವೇರಿ, ರಾಣೇಬೆನ್ನೂರಿಗೂ ಫೋನ್ ಮಾಡಿದ್ದೆ. ಆ ಡೋಸು ಎಲ್ಲಿಯೂ ಇರಲಿಲ್ಲ, ತರಿಸಿದರೆ ಸಂಜೆ. ಯಾರ್ಡಿನಲ್ಲಿ ನಮ್ಮ ಅಂಗಡಿಯ ರಾಶಿಗಳೇ ನಲವತ್ತು. ಅಗೆದು ಹುಡುಕುವ ಹಾಗಿಲ್ಲ. ಖರೀದಿದಾರರು ದರ ಬರೆಯುವ ಟೆಂಡರಿಗೆ ಬಿದ್ದ ರಾಶಿಯನ್ನು ಯಾರೂ ಕೆದಕುವಂತಿಲ್ಲ, ಕಾಯಿ ಮುರಿಯುತ್ತದೆ, ಬೀಜ ಉದುರುತ್ತದೆ, ಖರೀದಿದಾರರು ಜಗಳಕ್ಕೆ ಬರುತ್ತಾರೆ. ಬೇಕಾದರೆ ಒಂದು ರಾಶಿ ಕೆದಕಲು ಬಿಟ್ಟಾರು. ನಲವತ್ತನ್ನು ಬಿಡುವುದಿಲ್ಲ.

ಸಾವಕಾರರು ದಿಂಬು ಎತ್ತಿಕೊಂಡರು.

"ಅದು ಐರಣಿ ಕಾಯಿ. ಗಿರಿಜಾನ ತವರು ಹೊಲದ್ದು. ಹೊಳಿದಂಡಿ ಕಾಯಿ ನಂಗ ಗುರ್ತ ಹತ್ತತೈತಿ. ನಡೀರಿ."

"ಪ್ಯಾಟಿ ಮಂದಿ ನೋಡ್ತಾರಲ್ರಿ," ಎಂದರು ಗಿರಿಜಕ್ಕ.

"ನೋಡ್ಲಿ. ಸತ್ತ ಮ್ಯಾಲ ಹೆಂಗೂ ನೋಡಾಕ ಬರ್ತಾರ."

ಯಾರ್ಡಿಗೆ ಕಾರಿನಲ್ಲಿ ಹೋದೆವು. ನಾನು ಹಾವೇರಿಯಲ್ಲಿ ಇಷ್ಟು ವರ್ಷ ಇದ್ದವಳು, ಆದರೂ ಟೆಂಡರ್ ದಿನ ಬ್ಯಾಡಗಿಯ ಯಾರ್ಡಿನ ಒಳಗೆ ಹೋದವಳಲ್ಲ. ಕಣ್ಣು ಹಾಯುವ ತನಕ ಕೆಂಪು. ಗಾಳಿಯೂ ಕೆಂಪು. ಎರಡನೆಯ ಉಸಿರಿಗೇ ನನಗೆ ಸೀನು ಶುರುವಾಯಿತು, ಲೇಡಿಲೈಕ್ ಆಗಿ ಕರ್ಚೀಫ್ ಹಿಡಿದು ಸೀನುವುದು ಮೂರು ಸೀನಿನ ತನಕ ಸಾಧ್ಯ, ಆಮೇಲೆ ಇಲ್ಲ. ಮುಂದೆ ಸಾವಕಾರರು, ಎರಡೂ ಕೈಯಲ್ಲಿ ಹೂವಿನ ಚಿತ್ತಾರದ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು. ಹಿಂದೆ ಐಸ್‌ಪ್ಯಾಕಿನ ಡಬ್ಬಿ ಹಿಡಿದು ಸೀನುತ್ತ ನಾನು. ನನ್ನ ಹಿಂದೆ ಮಾಬೂಸಾಬ ದೇವರ ಹೆಸರು ಹೇಳುತ್ತ.

ಹಮಾಲರು ಕೆಲಸ ನಿಲ್ಲಿಸಿದರು. ವ್ಯಾಪಾರಿಗಳು ರಾಶಿಗಳ ನಡುವೆ ತಲೆ ಎತ್ತಿದರು. ಯಾರೋ ಒಬ್ಬ ಕೂಗಿದ: "ಯಾತ್ರಾ ಲಗೂ ಮುಗೀತಲ್ರಿ ಸಾವಕಾರ್ರ! ಪ್ರಸಾದ ದಿಂಬಿನ್ಯಾಗ ತಂದೀರೇನು?"

ಸಾವಕಾರರು ತಿರುಗಿ ನೋಡಲಿಲ್ಲ. ರಾಶಿಗಳ ನಡುವಿನ ಹಾದಿಯ ಬಾಯಿಯಲ್ಲಿ ಒಂದು ಕ್ಷಣ ನಿಂತರು. ಆರು ವರ್ಷದಿಂದ ಹಿಡಿಸದಿದ್ದ ಹಾದಿ. ನಿಜವಾಗಿ ಇಳಿದದ್ದು ಎಂಟು ಕಿಲೋ, ಅಷ್ಟಕ್ಕೆ ಹಾದಿ ಅಗಲವಾಗುವುದಿಲ್ಲ. ಆದರೂ ದಿಂಬನ್ನು ತಲೆಯ ಮೇಲಿಟ್ಟುಕೊಂಡು, ಅಡ್ಡಡ್ಡ ತಿರುಗಿ, ಏಡಿಯ ಹಾಗೆ ಒಳಗೆ ಹೋದರು. ಹೊಟ್ಟೆ ಎರಡೂ ಕಡೆಯ ರಾಶಿಗಳನ್ನು ಸವರಿಕೊಂಡು ಹೋಯಿತು. ಧೋತ್ರ ಕೆಂಪಾಯಿತು.

ಒಂದೊಂದು ರಾಶಿಯ ಮೇಲಿನಿಂದ ಒಂದೇ ಕಾಯಿ ಎತ್ತುವರು. ತೊಟ್ಟು ನೋಡುವರು. ಮುರಿದು ಮೂಸುವರು. ಸೀನು ಬಂದರೆ ದಿಂಬು ಕೆಳಗಿಳಿಸಿ ಒತ್ತಿ ಸೀನುವರು. ಮುಂದಕ್ಕೆ. ಹನ್ನೊಂದು ದಿನದಿಂದ ಗಂಜಿ, ಬಾರ್ಲಿ ನೀರು ಬಿಟ್ಟು ಬೇರೆ ಕಾಣದ ಮನುಷ್ಯ. ಮೂಗು ಉಪವಾಸದಲ್ಲಿ ಹರಿತವಾಗಿತ್ತೋ ಏನೋ. ನಾನು ಗಡಿಯಾರ ನೋಡುತ್ತಿದ್ದೆ. ಅವರು ಬಲಗಾಲು ಎಳೆಯುತ್ತಿದ್ದರು. ಪ್ರತಿ ಹೆಜ್ಜೆಗೆ ನನಗೆ ಕಾಣುತ್ತಿದ್ದದ್ದು ಕಾಲಿನೊಳಗಿನ ಕಾಣದ ಒಂದು ಗಡ್ಡೆ ಮತ್ತು ಗುತ್ತಲದ ಮದುವೆಯಲ್ಲಿ ಬೂಂದಿಲಾಡು ತಿನ್ನುತ್ತಿದ್ದ ನಾನು. ಮಗ್ಗಿ ಮರೆತಂತೆ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಗುತ್ತಿತ್ತು.

ಇಪ್ಪತ್ತಾರನೆಯದೋ ಇಪ್ಪತ್ತೇಳನೆಯದೋ ರಾಶಿ. ಸಾವಕಾರರು ನಿಂತರು. ಒಂದು ಕಾಯಿ ಮುರಿದರು. ಇನ್ನೊಂದು ಮುರಿದರು. ಎರಡನ್ನೂ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

"ಮಾಬ್ಯಾ," ಎಂದರು. "ಈ ರಾಶ್ಯಾಗ ಬೀಗರು ಬಂದಾರಲೇ."

ಮಾಬೂಸಾಬ ಬಾಗಿ ನೋಡಿದ. ನನಗೆ ಎರಡೂ ಕಾಯಿ ಒಂದೇ ಥರ ಕಂಡವು.

ಖರೀದಿದಾರ ಬಂದು, "ಏನ್ರಿ ಸಾವಕಾರ್ರ, ರಾಶಿ ಕೆದರಾಕ ಹತ್ತೀರಲ್ಲ?" ಎಂದ.

"ಈ ಒಂದ ಕೆದರ್ತೇನಿ. ಇದರೊಳಗ ನನ್ನ ಜೀವ ಐತಿ."

ಆ ಮಾತಿಗೆ ಖರೀದಿದಾರ ಹಿಂದೆ ಸರಿದ. ಮಾಬೂಸಾಬ ಮೊಣಕೈ ತನಕ ಕೈ ಹಾಕಿದ. ಭುಜದ ತನಕ ಹಾಕಿದ. ಕೆನ್ನೆ ಕಾಯಿಗೆ ತಾಗಿತು. ಆಮೇಲೆ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಾಗೆ, ನಿಧಾನವಾಗಿ ಬಿಳಿಯ ಡಬ್ಬಿಯನ್ನು ಹೊರತೆಗೆದ. ಇನ್ನೂ ತಂಪಾಗಿತ್ತು.

ಕಾರಿನ ತನಕ ಹೋಗುವ ತಾಳ್ಮೆ ನನಗಿರಲಿಲ್ಲ. ನಾಲ್ಕು ಜನ ಹಮಾಲರು ಗೋಣಿ ಚೀಲ ಅಗಲಿಸಿ ಹಿಡಿದು ಮರೆ ಮಾಡಿದರು. ಮರೆ ಮಾಡಿದವರೇ ಒಳಗೆ ಬಗ್ಗಿ ನೋಡುತ್ತಿದ್ದರು, ದಟ್ ಈಸ್ ಅನದರ್ ಮ್ಯಾಟರ್. ಕೈಗೆ ಸ್ಪಿರಿಟ್ ಹಾಕಿ ಮೂರು ಸಲ ಒರೆಸಿಕೊಂಡೆ, ಖಾರದ ಕೈ. ಗುಳ್ಳೆಯನ್ನು ಹಾಗೇ ಬಿಟ್ಟೆ. ಚರ್ಮ ಮಡಿಸಿ, ಎಡಗಡೆ, ನೇರ ಚುಚ್ಚಿ, ಹತ್ತು ಎಣಿಸಿ ಒತ್ತಿದೆ. ಮಧ್ಯೆ ಬಂದ ಸೀನನ್ನು ಹೇಗೆ ನುಂಗಿದೆನೋ, ಅದು ಇವತ್ತಿಗೂ ನನ್ನೊಳಗೇ ಇದೆ.

ಐದು ತೂತು, ಸುತ್ತ ಇಪ್ಪತ್ತು ಚುಕ್ಕೆ ಕಂಡ ಹಮಾಲನೊಬ್ಬ, "ಎಪ್ಪಾ! ಚೀಲಕ್ಕ ಪರಖಿ ಚುಚ್ಚಿ ಮಾದರಿ ತಗದಂಗ ತಗದಾರಲ್ರಿ ಧಣ್ಯಾರದು!" ಎಂದ.

"ಯಾವ ನಂಬರ್ ಮಾಲ್ ಅಂತ ಹೇಳ್ಯಾರ?" ಹೊರಗಿನಿಂದ ಮತ್ತೊಬ್ಬ.

ಯಾರ್ಡೆಲ್ಲ ನಕ್ಕಿತು. ಸಾವಕಾರರು ಹನ್ನೊಂದು ದಿನ ಹೆದರಿದ್ದು ಈ ನಗುವಿಗೇ. ಈಗ ಅವರೂ ದಿಂಬು ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು. ಖಾರಕ್ಕೋ ನೋವಿಗೋ ಅವರನ್ನೇ ಕೇಳಬೇಕು.

ಕಾರಿನಲ್ಲಿ ನಾನೂ ಹುಬ್ಬಳ್ಳಿಗೆ ಹೋದೆ. ಸ್ಕ್ಯಾನ್ ರೂಮಿನ ಹೊರಗೆ ಗಿರಿಜಕ್ಕ ನನ್ನ ಕೈ ಹಿಡಿದು ಕೂತಿದ್ದರು. ಸರ್ಜನ್ ಹೊರಬಂದು, "ಕ್ಲಾಟ್ ಇಲ್ಲ ಮೇಡಂ. ಮಸಲ್ ಸ್ಟ್ರೇನ್. ಅದೇನು ಎಕ್ಸರ್‌ಸೈಜ್ ಮಾಡಿಸ್ತಿದ್ದೀರಿ ಇವರಿಗೆ?" ಎಂದ.

ನಾನು ಮಾಡಿಸಿದ್ದು ಅಂಗಳದಲ್ಲಿ ನಡೆಯುವುದಷ್ಟೇ. ಒಳಗೆ ಹೋಗಿ ಕೇಳಿದೆ. ಸಾವಕಾರರು ಮತ್ತೆ ಸೂರು ನೋಡಿದರು. ನಾನಿಲ್ಲದ ಆ ಎರಡು ದಿನ, ಗಿರಿಜಕ್ಕ ಅಡಿಗೆಮನೆಯಲ್ಲಿದ್ದಾಗ, ಮಂಚದ ಕಾಲು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂರುವುದನ್ನು ಪ್ರಾಕ್ಟೀಸ್ ಮಾಡಿದ್ದರಂತೆ. ಅರ್ಧಕ್ಕೇ ಕಾಲು ಹಿಡಿದುಕೊಂಡಿತ್ತು.

ಬೈಯಬೇಕೆಂದು ಬಾಯಿ ತೆರೆದೆ. ಮೇಟ್ರನ್ ಬಾಯಿಯ ಹಾಗೆ ಕಿವಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಬೇಕೆಂದುಕೊಂಡೆ. ಆದರೆ ಬದನೆಕಾಯಿಯ ಮಾತು ಹೇಳಿದವಳು ನಾನು, ನಾಲ್ಕು ಡೋಸಿನ ಲೆಕ್ಕ ನನ್ನ ಹೆಸರಿಗಿದೆ. ಸರ್ಜನ್ನಿಗೆ ಎಲ್ಲವನ್ನೂ ಹೇಳಿದೆ, ಚಾರ್ಟಿನಲ್ಲಿ ನಾಲ್ಕು ಕಡೆ "ನಾಟ್ ಗಿವನ್" ಎಂದು ಬರೆದು ಸಹಿ ಹಾಕಿದೆ. ಅವನು ಓದಿ, "ಬದನೆಕಾಯಿ ಬರೀಲಿಲ್ವಾ ಮೇಡಂ?" ಎಂದ. ಉಳಿದ ಡೋಸುಗಳನ್ನು ನಾನೇ ಕೊಟ್ಟೆ. ಮದುವೆಗಳಿಗೆ ಹೋಗಲಿಲ್ಲ.

ಮುಂದಿನ ಸುಗ್ಗಿಗೆ ಬ್ಯಾಡಗಿಯಿಂದ ಫೋನ್ ಬಂತು. "ಟೆಂಡರ್ ದಿನ ಬರ್ರಿ ಸಿಸ್ಟರ್, ಏನೋ ತೋರಸ್ತೇನಿ." ಕರ್ಚೀಫ್ ಎರಡು ಇಟ್ಟುಕೊಂಡು ಹೋದೆ. ಅಂಗಡಿಯ ಬಾಗಿಲಲ್ಲಿ ಕುರ್ಚಿ ಖಾಲಿ ಇತ್ತು. ಯಾರ್ಡಿನೊಳಗೆ ನಡೆದೆ. ಎರಡು ರಾಶಿಗಳ ನಡುವೆ, ಸಡಿಲಾದ ಅಂಗಿಯಲ್ಲಿ, ಶಿವಪುತ್ರಪ್ಪ ಸಾವಕಾರರು ಪೂರಾ ಕುಕ್ಕರಗಾಲಲ್ಲಿ ಕೂತು ಕಾಯಿ ಮುರಿದು ಮೂಸುತ್ತಿದ್ದರು. ಎದುರಿಗೆ ರೈತ ದರ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ಮಾಬೂಸಾಬ.

ನಾನು ಸೀನಿದೆ. ಸಾವಕಾರರು ತಲೆ ಎತ್ತಿದರು. ನಗಲಿಲ್ಲ, ಸ್ವಲ್ಪ ದನಿ ತಗ್ಗಿಸಿದರು.

"ಛಲೋ ಆತು ಬಂದ್ರಿ. ಮುಂಜಾನಿ ಹತ್ತಕ್ಕ ಕುಂತೇನಿ. ಕುಂದ್ರೂದು ಬಂತ್ರಿ ಸಿಸ್ಟರ್, ಏಳೂದು ಇನ್ನಾ ಬಂದಿಲ್ಲ."

ಹನ್ನೊಂದೂವರೆ ಆಗಿತ್ತು. ರೈತ ಒಂದೂವರೆ ಗಂಟೆಯಿಂದ, ಸಾವಕಾರರು ತನ್ನ ಕಾಯಿಯನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತಿದ್ದಾರೆ ಎಂದು ಕೈಕಟ್ಟಿ ನಿಂತಿದ್ದ. ನಾನು ಒಂದು ತೋಳು ಹಿಡಿದೆ, ಮಾಬೂಸಾಬ ಇನ್ನೊಂದು. ಒನ್, ಟೂ, ಥ್ರೀ ಎಂದೆ. ಎತ್ತಿದೆವು. ಎತ್ತುವಾಗ ಮಾಬೂಸಾಬನ ಕಣ್ಣು ಕಿರಿದಾಯಿತು, ತುಟಿ ಅಲುಗಿತು.

"ಸಾಬರೇ," ಎಂದೆ, "ಏನೂ ಕಳೆಯಬೇಡಿ."